ದೊಡ್ಡ ಬೇಟೆಗೆ ನಾನು ಕಾಡತೂಸು ಆರಿಸಿಕೊಂಡ ಬಗೆ

ದೊಡ್ಡ ಪ್ರಾಣಿಯ ಬೇಟೆಗೆ ರೈಫಲ್ ತಗೊಳ್ಳಲು ಹೊರಟವರು ಮೊದಲು ಕೇಳುವುದು, ‘ಯಾವ ಕ್ಯಾಲಿಬರ್ (ಗುಂಡಿನ ದಪ್ಪ) ಒಳ್ಳೆಯದು?’ ಅಂತ. ನಾನು ಆ ಪ್ರಶ್ನೆಯನ್ನು ಕೊನೆಗೆ ಇಟ್ಟುಕೊಂಡೆ. ಮೊದಲು ಪ್ರಾಣಿ, ಆಮೇಲೆ ದೂರ, ಆಮೇಲೆ ಗುಂಡು, ಆಮೇಲೆ ನನ್ನ ಭುಜ. ಈ ನಾಲ್ಕೂ ಖಚಿತವಾದ ಮೇಲೆ ಆರಿಸಲು ಉಳಿದದ್ದು ಬಹಳ ಕಡಿಮೆ.

ನನ್ನ ಪರವಾನಗಿ ಇದ್ದದ್ದು ರೆಡ್ ಡೀರ್, ಕಾಡುಹಂದಿ ಮತ್ತು ಮೂಸ್‌ಗೆ. ಮೂರರಲ್ಲಿ ದೊಡ್ಡದು ಮೂಸ್, ಜಿಂಕೆ ಜಾತಿಯಲ್ಲೇ ಅತಿ ದೊಡ್ಡ ಪ್ರಾಣಿ. ಬೆಳೆದ ಗಂಡು 500 ಕಿಲೋ ದಾಟಬಹುದು. ಹಾಗಾಗಿ ಅದಕ್ಕೆ ಸಾಲುವುದು ಉಳಿದವಕ್ಕೂ ಸಾಕು. ಕಾಡು ದಟ್ಟ, ಹೆಚ್ಚಿನ ಈಡು 150 ಮೀಟರಿನ ಒಳಗೇ ಸಿಗುತ್ತದೆ. 300 ಮೀಟರ್ ಆಚೆಗೆ ಹೊಡೆಯುವುದೇ ಇಲ್ಲ ಅಂತ ನಾನೇ ಗೆರೆ ಹಾಕಿಕೊಂಡೆ. ಅಷ್ಟು ದೂರದಲ್ಲಿ ಗುಂಡು ಹಾರಿ ಮುಟ್ಟುವಷ್ಟರಲ್ಲಿ ಪ್ರಾಣಿ ಅರ್ಧ ಹೆಜ್ಜೆ ಇಟ್ಟರೂ ಗಾಯವಾಗುವುದು ಎದೆಗಲ್ಲ, ಹೊಟ್ಟೆಗೆ. ಗಾಯಗೊಂಡ ಪ್ರಾಣಿ ನರಳುತ್ತಾ ಕಾಡು ಸೇರುವುದು ನನಗೆ ಬೇಡ.

ಕಾನೂನನ್ನೂ ಆಗಲೇ ಓದಿಕೊಂಡೆ. ಒಂದೊಂದು ದೇಶದ್ದು ಒಂದೊಂದು ಲೆಕ್ಕ. ಜರ್ಮನಿಯಲ್ಲಿ ರೆಡ್ ಡೀರ್, ಕಾಡುಹಂದಿಗೆ ಕನಿಷ್ಠ 6.5 ಮಿಲಿಮೀಟರ್ ದಪ್ಪ, 100 ಮೀಟರಿನಲ್ಲಿ 2000 ಜೂಲ್ ಶಕ್ತಿ ಬೇಕು. ಸ್ವೀಡನ್ನಿನಲ್ಲಿ ಮೂಸ್‌ಗೆ 9 ಗ್ರಾಮಿನ ಗುಂಡಾದರೆ 100 ಮೀಟರಿನಲ್ಲಿ 2700 ಜೂಲ್ ಇರಬೇಕು. 10 ಗ್ರಾಂ ಅಥವಾ ಹೆಚ್ಚಿನ ತೂಕದ್ದಾದರೆ 2000 ಜೂಲ್ ಸಾಕು. ಈ ಸ್ವೀಡನ್ ನಿಯಮ ನನಗೆ ತುಂಬಾ ಹಿಡಿಸಿತು. ತೂಕದ ಗುಂಡು ಕಡಿಮೆ ವೇಗದಲ್ಲೂ ಆಳಕ್ಕೆ ಇಳಿಯುತ್ತದೆ ಎಂಬುದನ್ನು ಕಾನೂನೇ ಒಪ್ಪಿದಂತಾಯಿತು, ಅಲ್ವಾ? 6.5×55 ಎಂಬ 1894ರ ಹಳೆಯ ಕಾಡತೂಸಿನಲ್ಲಿ 156 ಗ್ರೇನ್, ಅಂದರೆ ಸುಮಾರು 10.1 ಗ್ರಾಮಿನ ಉದ್ದನೆಯ ಗುಂಡು ಸಿಗುತ್ತದೆ. ಸ್ಕ್ಯಾಂಡಿನೇವಿಯಾದವರು ಎಷ್ಟೋ ತಲೆಮಾರುಗಳಿಂದ ಅದರಲ್ಲೇ ಮೂಸ್ ಹೊಡೆಯುತ್ತಾ ಬಂದಿದ್ದಾರೆ.

ಇಲ್ಲಿ ಶಕ್ತಿಯ ಬಗ್ಗೆ ಒಂದು ಮಾತು. ಜೂಲ್ ಲೆಕ್ಕ ಪ್ರಾಣಿಯನ್ನು ಕೆಡವುವುದಿಲ್ಲ. ಕೆಡವುವುದು ಹೃದಯ, ಶ್ವಾಸಕೋಶದ ಮೂಲಕ ಹಾದುಹೋದ ಅಗಲವಾದ ತೂತು ಮತ್ತು ಅದರಿಂದ ಬೇಗ ಇಳಿಯುವ ರಕ್ತದೊತ್ತಡ. ಆ ತೂತು ಮಾಡುವುದು ಗುಂಡು. ಕಾಡತೂಸಿನ ಉಳಿದ ಭಾಗವೆಲ್ಲ, ಮದ್ದು, ಹಿತ್ತಾಳೆಯ ಕೋಶ, ಮದ್ದಿಗೆ ಕಿಡಿ ಹೊತ್ತಿಸುವ ಕೇಪು, ಗುಂಡನ್ನು ಅಲ್ಲಿಗೆ ಮುಟ್ಟಿಸುವುದಕ್ಕೆ ಮಾತ್ರ. ಆದ್ದರಿಂದ ಗುಂಡಿನ ಮೇಲೆ ನಾನು ಜಾಸ್ತಿ ಹೊತ್ತು ಕಳೆದೆ.

1946ರಲ್ಲಿ ಜಾನ್ ನೋಸ್ಲರ್ ಎಂಬವರು ಕೆನಡಾದಲ್ಲಿ ಮೂಸ್ ಬೇಟೆಗೆ ಹೋಗಿದ್ದರು. ಕೈಯಲ್ಲಿದ್ದದ್ದು .300 ಹಾಲೆಂಡ್ ಅಂಡ್ ಹಾಲೆಂಡ್, ಸಾಕಷ್ಟು ಬಲದ ಕಾಡತೂಸು. ಆದರೆ ಆ ಕಾಲದ ಗುಂಡುಗಳು ವೇಗಕ್ಕೆ ತಾಳದೆ ಮೇಲ್ಮೈಯಲ್ಲೇ ಒಡೆದುಹೋದವು. ಇದರಿಂದ ಅವರು ನಡುವೆ ತಾಮ್ರದ ಗೋಡೆಯಿಟ್ಟ ‘ಪಾರ್ಟಿಷನ್’ ಗುಂಡು ಮಾಡಿದರು. ಮುಂದಿನ ಅರ್ಧ ಅರಳುತ್ತದೆ, ಹಿಂದಿನ ಅರ್ಧ ಗಟ್ಟಿಯಾಗಿ ಉಳಿದು ಒಳಗೆ ನುಗ್ಗುತ್ತದೆ. 1948ರಿಂದ ಅದು ಮಾರುಕಟ್ಟೆಯಲ್ಲಿದೆ. ಬಲ ಹೆಚ್ಚಿಸಿದ್ದರಿಂದ ಬಗೆಹರಿದ ಸಮಸ್ಯೆ ಅಲ್ಲ ಅದು. ಗುಂಡನ್ನು ಗಟ್ಟಿ ಮಾಡಿದ್ದರಿಂದ ಬಗೆಹರಿಯಿತು. ನಾನು ಆರಿಸಿದ್ದು ಸೀಸವನ್ನು ತಾಮ್ರದ ಹೊದಿಕೆಗೆ ಬೆಸೆದ ಬಾಂಡೆಡ್ ಗುಂಡು, .30 (ಇಂಚಿನ ಲೆಕ್ಕದಲ್ಲಿ) ದಪ್ಪ, 180 ಗ್ರೇನ್, ಅಂದರೆ 11.7 ಗ್ರಾಂ. ಪ್ರಾಣಿ ಓರೆಯಾಗಿ ನಿಂತಿದ್ದರೂ ಭುಜ ದಾಟಿ ಶ್ವಾಸಕೋಶದವರೆಗೆ ಹೋಗಬೇಕು, ಸಾಧ್ಯವಾದರೆ ಆಚೆ ಬದಿಯಿಂದ ಹೊರಬರಬೇಕು. ಎರಡು ತೂತಾದರೆ ರಕ್ತದ ಜಾಡು ಚೆನ್ನಾಗಿ ಸಿಗುತ್ತದೆ.

ಈಗ ಭುಜದ ಮಾತು. ಇದನ್ನು ಯಾರೂ ಹಗುರವಾಗಿ ತಗೊಳ್ಳಬಾರದು. ಸ್ನೇಹಿತರಿಂದ ಮೂರು ರೈಫಲ್ ಕೇಳಿಕೊಂಡು ಶೂಟಿಂಗ್ ರೇಂಜ್‌ಗೆ ಹೋದೆ: .308 ವಿಂಚೆಸ್ಟರ್, .30-06 ಸ್ಪ್ರಿಂಗ್‌ಫೀಲ್ಡ್, .300 ವಿಂಚೆಸ್ಟರ್ ಮ್ಯಾಗ್ನಮ್. ಮೂರಕ್ಕೂ ಗುಂಡಿನ ದಪ್ಪ ಒಂದೇ. ವ್ಯತ್ಯಾಸ ಮದ್ದಿನಲ್ಲಿ ಮಾತ್ರ. 180 ಗ್ರೇನ್ ಗುಂಡನ್ನು .30-06 ಸೆಕೆಂಡಿಗೆ ಸುಮಾರು 820 ಮೀಟರ್ ವೇಗದಲ್ಲಿ ಬಿಡುತ್ತದೆ, .300 ಮ್ಯಾಗ್ನಮ್ ಸುಮಾರು 900ರಲ್ಲಿ. ಅದೇ ತೂಕದ ರೈಫಲ್‌ನಲ್ಲಿ ಭುಜಕ್ಕೆ ಬೀಳುವ ಒದೆತ ಮಾತ್ರ ಮೂರನೇ ಒಂದು ಪಾಲು ಜಾಸ್ತಿ. ಎರಡರ ಗುರಿಯನ್ನೂ 200 ಮೀಟರಿಗೆ ಹೊಂದಿಸಿದರೆ 300 ಮೀಟರಿನಲ್ಲಿ ಗುಂಡು ಬೀಳುವ ವ್ಯತ್ಯಾಸ ಐದು ಸೆಂಟಿಮೀಟರ್ ಆಸುಪಾಸು. ಮೂಸ್‌ನ ಎದೆಯಲ್ಲಿ ಐದು ಸೆಂಟಿಮೀಟರ್ ಲೆಕ್ಕಕ್ಕೇ ಬರುವುದಿಲ್ಲ.

ಮೇಜಿನ ಮೇಲೆ ರೈಫಲ್ ಇಟ್ಟು ಹೊಡೆದದ್ದು ಸ್ವಲ್ಪವೇ. ಹೆಚ್ಚಿನದೆಲ್ಲ ನಿಂತು, ಕೂತು, ಮೊಣಕಾಲೂರಿ, ಕಾಡಿನಲ್ಲಿ ಹೇಗೆ ಹೊಡೆಯಬೇಕಾಗುತ್ತದೋ ಹಾಗೆ. ಮ್ಯಾಗಜೀನ್ ತುಂಬುವ ಕೆಲಸ ಸ್ನೇಹಿತನಿಗೆ ಬಿಟ್ಟೆ. ನಡುನಡುವೆ ಮದ್ದಿಲ್ಲದ ಡಮ್ಮಿ ಕಾಡತೂಸು ಸೇರಿಸುತ್ತಿದ್ದ, ಎಲ್ಲಿ ಅಂತ ನನಗೆ ಗೊತ್ತಿಲ್ಲ. ಡಮ್ಮಿ ಬಂದಾಗ ಬರೀ ‘ಕ್ಲಿಕ್’. ಆಗ ನಳಿಕೆಯ ತುದಿ ಅಲುಗಾಡದೆ ನಿಂತರೆ ಕೈ ಸರಿಯಾಗಿದೆ. ಕೆಳಗೆ ಕುಸಿದರೆ ಒದೆತಕ್ಕೆ ಮೊದಲೇ ಮೈ ಬೆಚ್ಚುತ್ತಿದೆ ಅಂತ. .308 ಮತ್ತು .30-06ರಲ್ಲಿ ತುದಿ ನಿಂತಿತು. ಮ್ಯಾಗ್ನಮ್‌ನಲ್ಲಿ ಮೊದಲು ನಿಂತಿತು, ಹೊಡೆಯುತ್ತಾ ಹೋದಂತೆ ಕುಸಿಯತೊಡಗಿತು. ನನಗೆ ಇಷ್ಟು ಸಾಕಾಗಿತ್ತು. ಇನ್ನೊಬ್ಬರ ಭುಜ ಅದನ್ನು ಆರಾಮವಾಗಿ ತಾಳಬಹುದು, ಅವರು ಅದನ್ನೇ ಇಟ್ಟುಕೊಳ್ಳಲಿ.

7×57 ಮೌಸರ್ ಎಂಬ ಸಣ್ಣ ಕಾಡತೂಸಿನಲ್ಲಿ ಆಫ್ರಿಕಾದ ಆನೆಗಳನ್ನೇ ಹೊಡೆದ ಹಳೆಯ ಕಾಲದ ಬೇಟೆಗಾರ ‘ಕರಮೋಜೋ’ ಬೆಲ್ ಅವರ ಉದಾಹರಣೆಯನ್ನು ಸಣ್ಣ ಕಾಡತೂಸಿನ ಪರವಾಗಿ ಹಲವರು ಕೊಡುತ್ತಾರೆ. ಅವರು ಆನೆಯ ತಲೆಬುರುಡೆಯನ್ನೇ ಕೊಯ್ದು ನೋಡಿ ಮಿದುಳು ಎಲ್ಲಿದೆ ಅಂತ ಕಲಿತವರು. ಅಂಥ ಕೈ ನಮ್ಮಲ್ಲಿ ಎಷ್ಟು ಜನಕ್ಕಿದೆ? ಇವತ್ತು ಆಫ್ರಿಕಾದ ಹಲವು ದೇಶಗಳಲ್ಲಿ ಕಾಡೆಮ್ಮೆಯಂಥ ಅಪಾಯಕಾರಿ ಪ್ರಾಣಿಗೆ .375 ಕನಿಷ್ಠ ಅಂತ ನಿಯಮವಿದೆ. ಅದು ಸರಿಯಾದ ನಿಯಮ.

.308 ಮತ್ತು .30-06 ನಡುವೆ ಆರಿಸುವುದು ಕಷ್ಟವೇ. 1952ರ .308 ಗಿಡ್ಡ, ರೈಫಲ್ ಸ್ವಲ್ಪ ಹಗುರ, ವೇಗದಲ್ಲಿ ಹಿಂದೆ ಬೀಳುವುದು ತೀರಾ ಕಡಿಮೆ. ಬರೀ ಜಿಂಕೆ, ಹಂದಿ ಆಗಿದ್ದರೆ ಅದನ್ನೇ ತಗೊಳ್ಳುತ್ತಿದ್ದೆ. ಮೂಸ್ ಇದ್ದುದರಿಂದ 1906ರ .30-06 ತಗೊಂಡೆ. ಅದರ ಉದ್ದನೆಯ ಹಿತ್ತಾಳೆಯಲ್ಲಿ 200, 220 ಗ್ರೇನ್ ಗುಂಡುಗಳಿಗೂ ಜಾಗ, ಮದ್ದು ಎರಡೂ ಸಾಕಷ್ಟಿರುತ್ತದೆ. ಎಲ್ಲಿ ಹೋದರೂ ಕಾಡತೂಸು ಸಿಗುತ್ತದೆ. ಮೈಕಟ್ಟು ಸಣ್ಣದಿದ್ದು ಒದೆತ ಕಡಿಮೆ ಇರಬೇಕು ಅನ್ನುವವರಿಗೆ ನಾನು ಹೇಳುವುದು 6.5×55 ಅಥವಾ 7ಎಂಎಂ-08 ಕಾಡತೂಸು.

ಆಮೇಲೆ ಮೂರು ಕಂಪನಿಗಳ 180 ಗ್ರೇನ್ ಕಾಡತೂಸು ತಂದು ನನ್ನ ರೈಫಲ್‌ನಲ್ಲೇ ಹೊಡೆದು ನೋಡಿದೆ. ಒಂದು ನಳಿಕೆಗೆ ಒಗ್ಗಿದ್ದು ಇನ್ನೊಂದಕ್ಕೆ ಒಗ್ಗುವುದಿಲ್ಲ. ಒಗ್ಗಿದ್ದನ್ನು ಒಂದೇ ಬ್ಯಾಚಿನದ್ದು ಹಲವು ಪೆಟ್ಟಿಗೆ ತಗೊಂಡಿಟ್ಟೆ.

ಈಗ ನಿಧಾನಕ್ಕೆ ಪೂರ್ತಿ ತಾಮ್ರದ ಗುಂಡಿಗೆ ಹೋಗುತ್ತಿದ್ದೇನೆ. ಬೇಟೆಗಾರರು ಕಾಡಿನಲ್ಲೇ ಬಿಟ್ಟ ಪ್ರಾಣಿಯ ಕರುಳಿನಲ್ಲಿ ಉಳಿದ ಸೀಸದ ಚೂರು ತಿಂದು ಹದ್ದುಗಳು ಸಾಯುತ್ತವೆ. ಕ್ಯಾಲಿಫೋರ್ನಿಯಾದಲ್ಲಿ 2019ರಿಂದ ಬೇಟೆಗೆ ಸೀಸದ ಗುಂಡು ಪೂರ್ತಿ ನಿಷೇಧ. ತಾಮ್ರ ಸೀಸಕ್ಕಿಂತ ಹಗುರ, ಹಾಗಾಗಿ ಅದೇ ತೂಕಕ್ಕೆ ಗುಂಡು ಉದ್ದವಾಗುತ್ತದೆ. ಅರಳಲು ವೇಗವೂ ಜಾಸ್ತಿ ಬೇಕು. ಸೆಕೆಂಡಿಗೆ 600 ಮೀಟರ್‌ಗಿಂತ ಕೆಳಗಿಳಿದರೆ ಕೆಲವು ಗುಂಡುಗಳು ಸರಿಯಾಗಿ ಅರಳುವುದಿಲ್ಲ. ಅದಕ್ಕೇ 180 ಬಿಟ್ಟು 165 ಗ್ರೇನ್‌ಗೆ ಇಳಿದೆ. ತಾಮ್ರ ಚೂರಾಗದೆ ತೂಕ ಉಳಿಸಿಕೊಳ್ಳುವುದರಿಂದ ಆಳದಲ್ಲಿ ಕೊರತೆ ಕಂಡಿಲ್ಲ. ಸ್ಕೋಪ್ ಮಾತ್ರ ಹೊಸದಾಗಿ ಹೊಂದಿಸಬೇಕಾಯಿತು.