ತೋಟದ ಹೋಂಸ್ಟೇಗೆ ಫೈಬರ್ ತಂದ ಬಗೆ

ಕೇಂದ್ರ ಸರ್ಕಾರದ ಹಳ್ಳಿ ಇಂಟರ್ನೆಟ್ ಯೋಜನೆ ಭಾರತ್‌ನೆಟ್‌ಗೆ 2011ರಲ್ಲಿ ಒಪ್ಪಿಗೆ ಸಿಕ್ಕಿದ್ದು ಗ್ರಾಮ ಪಂಚಾಯಿತಿವರೆಗೆ ಫೈಬರ್ ಮುಟ್ಟಿಸಲು. ಮಲೆನಾಡಿನ ಹೋಂಸ್ಟೇಗಳು ಇರುವುದೋ ಅಲ್ಲಿಂದ ಇನ್ನೂ ಎರಡು ಮೂರು ಕಿಲೋಮೀಟರ್ ಆಚೆ, ಕಾಫಿ ತೋಟದೊಳಗೆ. ಸರ್ಕಾರ ಹಾಕಿದ ಬಂಡವಾಳದಿಂದ ಪ್ರವಾಸಿಗರು ಬರುತ್ತಾರೋ ಇಲ್ಲವೋ ಎಂಬುದು ಈ ಕೊನೇ ತುಂಡಿನ ಮೇಲೆ ನಿಂತಿದೆ.

ಕೇಬಲನ್ನು ಸಿಲ್ವರ್ ಓಕ್ ಮರಗಳಿಗೆ ಕಟ್ಟಬೇಡಿ. ಗಾಳಿಗೆ ಮರ ತೂಗಿ ಎಳೆಯುತ್ತದೆ, ಮರಗಸಿ (ನೆರಳು ಮರದ ಕೊಂಬೆ ಕಡಿಯುವ) ಹೊತ್ತಿನಲ್ಲಿ ಕತ್ತಿಗೂ ಸಿಗುತ್ತದೆ. ನಾವು ತೋಟದ ರಸ್ತೆ ಬದಿ 40 ಮೀಟರಿಗೊಂದು ಜಿಐ ಪೈಪ್ ನೆಟ್ಟು ಎಳೆದೆವು. ಎರಡೂ ತುದಿಯಲ್ಲಿ 10 ಮೀಟರ್ ಹೆಚ್ಚುವರಿ ಸುರುಳಿ ಬಿಟ್ಟರೆ ತುಂಡಾದಾಗ ಜೋಡಿಸಲು ಉದ್ದ ಸಾಲುತ್ತದೆ. ಜಾಯಿಂಟ್ ಬಾಕ್ಸಿನ ಬಾಯಿ ಕೆಳಮುಖವಾಗಿರಲಿ, ಇಲ್ಲದಿದ್ದರೆ ಆಷಾಢದ ಮಳೆ ಒಳಗೇ ನಿಲ್ಲುತ್ತದೆ. ಕೆಲಸಗಾರರು ಹೊರಡುವ ಮುಂಚೆ ಫೈಬರಿನ ಬೆಳಕಿನ ಬಲ ಅಳೆಯುವ ಪವರ್ ಮೀಟರ್ ಹಿಡಿಸಿ: ಮೈನಸ್ 18ರಿಂದ ಮೈನಸ್ 24 ಡಿಬಿಎಂ (ಆ ಬಲದ ಅಳತೆ) ಇದ್ದರೆ ಸರಿ. ಮೈನಸ್ 27ರ ಆಸುಪಾಸಿನಲ್ಲಿದ್ದರೆ ಇವತ್ತು ನಡೆದೀತು, ಮಳೆಗಾಲದಲ್ಲಿ ಸಿಗ್ನಲ್ ಹೋಗಿ ಮೋಡೆಮಿನ ಕೆಂಪು ದೀಪವೇ ಗತಿ.

ಕಾಟೇಜುಗಳ ನಡುವೆ ಕ್ಯಾಟ್ 6 ತಾಮ್ರದ ಕೇಬಲ್ ಅಗ್ಗ, 100 ಮೀಟರ್‌ವರೆಗೆ ಸಾಗುತ್ತದೆ ಕೂಡ. ಆದರೆ ಏಪ್ರಿಲ್, ಮೇ ತಿಂಗಳ ಸಿಡಿಲು ಅದರಲ್ಲೇ ಹರಿದು ಎರಡೂ ಕಡೆಯ ಪೋರ್ಟ್ ಸುಡುತ್ತದೆ. ಅಲ್ಲಿಗೂ ಫೈಬರ್, ತುದಿಗೊಂದು ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನೂ ತಾಮ್ರದ ಪೋರ್ಟನ್ನೂ ಬೆಸೆಯುವ ಡಬ್ಬಿ). ಫೈಬರಿನಲ್ಲೂ ಉಕ್ಕಿನ ತಂತಿ ಇರುವುದು ಬೇಡ, ಕರೆಂಟು ಹರಿಯದ ಎಫ್‌ಆರ್‌ಪಿ (ನಾರು ಸೇರಿಸಿದ ಪ್ಲಾಸ್ಟಿಕ್) ಕಡ್ಡಿ ಇರುವುದನ್ನೇ ಕೇಳಿ ತನ್ನಿ.

ಕರೆಂಟು ದೊಡ್ಡ ತಲೆನೋವು. ಎಲ್ಲ ಉಪಕರಣ ಸೇರಿ 25 ವ್ಯಾಟ್ ಎಂದಿಟ್ಟುಕೊಳ್ಳಿ. 12 ವೋಲ್ಟಿನ 100 ಆಂಪಿಯರ್-ಅವರ್ ಲೆಡ್ ಆಸಿಡ್ ಬ್ಯಾಟರಿಯ ಅರ್ಧವನ್ನಷ್ಟೇ ಬಳಸಿದರೂ ಒಂದು ಹಗಲು, ಒಂದು ರಾತ್ರಿ ಬರುತ್ತದೆ. ಇನ್ವರ್ಟರ್ ಮೂಲಕ ಕೊಡಬೇಡಿ, ಅದು ತನ್ನ ಪಾಲಿಗೇ ಕರೆಂಟು ತಿನ್ನುತ್ತದೆ. ಬ್ಯಾಟರಿಯ ವೋಲ್ಟೇಜನ್ನು ಉಪಕರಣಕ್ಕೆ ಹೊಂದಿಸುವ ಡಿಸಿ ಕನ್ವರ್ಟರ್ ಇಟ್ಟು ನೇರ ಕೊಡಿ. ಇಷ್ಟಾದರೂ ಫೈಬರಿನ ಆ ತುದಿಯಲ್ಲಿ, ಪಂಚಾಯಿತಿ ಕಡೆ, ಬ್ಯಾಟರಿ ಸತ್ತರೆ ನಮ್ಮದು ಇದ್ದೂ ವ್ಯರ್ಥ. ಸಾರ್ವಜನಿಕ ಹಣ ಕೇಬಲ್‌ಗೆ ಸುರಿದಷ್ಟು ಬ್ಯಾಟರಿ ಬದಲಿಸಲು ಬರುವುದಿಲ್ಲ. ಅದಕ್ಕೇ ಸಿಗ್ನಲ್ ಸಿಗುವ ಗುಡ್ಡದ ಕಡೆ ಆಂಟೆನಾ ತಿರುಗಿಸಿದ 4ಜಿ ರೂಟರ್ ಒಂದು ಇರಲಿ.

ಬದಲಾವಣೆ ಕಂಡದ್ದು ವಾರದ ನಡುವೆ. ಲ್ಯಾಪ್‌ಟಾಪ್ ಹಿಡಿದ ಬೆಂಗಳೂರಿನವರು ಶನಿವಾರ ಬಂದು ಭಾನುವಾರ ಓಡುವುದಿಲ್ಲ, ಗುರುವಾರದವರೆಗೂ ಇರುತ್ತಾರೆ. ಅವರಿಗೆ ಬೇಕಿರುವುದು ಅಪ್‌ಲೋಡ್. ವಿಡಿಯೋ ಮೀಟಿಂಗ್ ಒಂದಕ್ಕೆ 3–4 ಎಂಬಿಪಿಎಸ್. ಫೋನಿಗೆ ಟವರ್ ಸಿಗದಲ್ಲಿ ಯುಪಿಐ ವೈಫೈ ಮೇಲೆಯೇ ನಡೆಯುತ್ತದೆ, ಕಾರ್ಡಿನ ಒಟಿಪಿ ಸಿಕ್ಕಿಹಾಕಿಕೊಳ್ಳುತ್ತದೆ. ವೈಫೈ ಕಾಲಿಂಗ್ ಆನ್ ಮಾಡಿಸಿದರೆ ಬಹುತೇಕ ಅದೂ ಬರುತ್ತದೆ. ಸಿಮ್ ಇರುವ ಸೌಂಡ್‌ಬಾಕ್ಸ್ ಮಾತ್ರ ಮೂಕ, ಹಣ ಬಂತೋ ಎಂದು ಬ್ಯಾಂಕ್ ಆ್ಯಪಿನಲ್ಲೇ ನೋಡಬೇಕು.

ಎರಡು ಬುಕಿಂಗ್ ತಾಣಗಳ ಕ್ಯಾಲೆಂಡರ್ ಜೋಡಿಸಿದರೂ ಸುದ್ದಿ ಮುಟ್ಟಲು ಕೆಲವು ಗಂಟೆ ಹಿಡಿಯಬಹುದು. ದಸರಾ ರಜೆಯಲ್ಲಿ ಒಂದೇ ಕೋಣೆಗೆ ಇಬ್ಬರು ಬರುವುದು ಹೀಗೆ. ಮೂರ್ನಾಲ್ಕು ಕೋಣೆಯವರು ರಜಾದಿನಗಳನ್ನು ಒಂದೇ ತಾಣದಲ್ಲಿ ತೆರೆದಿಡಿ, ಉಳಿದ ದಿನ ಎಲ್ಲ ಕಡೆ. ಮ್ಯಾಪಿನ ಪಿನ್ನನ್ನು ಮನೆ ಮೇಲಲ್ಲ, ಡಾಂಬರು ರಸ್ತೆಯ ಗೇಟಿಗೆ ಇಡಿ; ಇಲ್ಲವಾದರೆ ಹತ್ತಿರದ ದಾರಿಯೆಂದು ಸಣ್ಣ ಕಾರುಗಳನ್ನು ಜೀಪ್ ದಾರಿಗೆ ಇಳಿಸುತ್ತದೆ.