ಅಳಿವೆಯ ನೀರಿನಲ್ಲಿ ತೇಲುವ ಹೂಳನ್ನು ಅಳೆಯುವ ಬಗೆ

ಮಳೆಗಾಲದಲ್ಲಿ ಮುರಕಲ್ಲಿನ ಮಣ್ಣು ಕಲಸಿ ಕೆಂಪಗಾಗುವ ನೇತ್ರಾವತಿ–ಗುರುಪುರ ಅಳಿವೆಯ ನೀರಿನಲ್ಲಿ ಎಷ್ಟು ಹೂಳು ತೇಲುತ್ತಿದೆ ಎಂಬುದನ್ನು ಮಂಗಳೂರಿನ ಯಾವುದೇ ಕಾಲೇಜಿನ ಪ್ರಯೋಗಾಲಯದಲ್ಲಿ ಅಳೆಯಬಹುದು. ನಾರ್ವೆಯ ಆಳದ ತಣ್ಣೀರಿನಲ್ಲಿ ಬೆಳೆಯುವ ಲೋಫೀಲಿಯಾ ಹವಳದ ಲಾರ್ವಾಗಳನ್ನು ಅಧ್ಯಯನ ಮಾಡುವವರಿಗೂ ಈ ಅಳತೆ ಅಗತ್ಯ. ಮೈಮೇಲಿನ ಸೂಕ್ಷ್ಮ ರೋಮಗಳನ್ನು ಬಡಿದು ಈಜುವ ಆ ಜೀವಿಗಳಿಗೆ ಕಣಗಳು ಅಂಟಿಕೊಂಡರೆ ಈಜು ನಿಂತು, ಅವು ನೆಲೆಯೂರುವ ಮೊದಲೇ ಸಾಯಬಹುದು.

ಗಾಜಿನ ನಾರಿನ ಸೋಸುಕಾಗದವನ್ನು ಭಟ್ಟಿ ಇಳಿಸಿದ ನೀರಿನಲ್ಲಿ ತೊಳೆದು, 103ರಿಂದ 105 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ, ಡೆಸಿಕೇಟರಿನಲ್ಲಿ (ತೇವ ತಾಗದಂತೆ ಮುಚ್ಚಿಡುವ ಪಾತ್ರೆಯಲ್ಲಿ) ತಣಿಸಿ, ತೂಗಿ ಬರೆದಿಡಿ. ಬಳಿಕ ಅಳಿವೆಯ ನೀರಿನ ಮಾದರಿಯಿರುವ ಬಾಟಲಿಯನ್ನು ಚೆನ್ನಾಗಿ ಕುಲುಕಿ, ಹೂಳು ತಳಕ್ಕಿಳಿಯುವ ಮೊದಲೇ ಅಳೆದ ನೀರನ್ನು ನಿರ್ವಾತ ಪಂಪಿನ ನೆರವಿನಿಂದ ಸೋಸಿ.

ಮುಂದಿನ ಹಂತದಲ್ಲಿ ಅವಸರ ಸಲ್ಲದು. ಒಂದು ಲೀಟರ್ ಕಡಲ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿರುವುದರಿಂದ, ಕಾಗದದಲ್ಲಿ ಉಳಿದ ಕೆಲವೇ ಹನಿಗಳ ಉಪ್ಪು ಕೂಡ ಹೂಳಿನ ಲೆಕ್ಕಕ್ಕೆ ಸೇರಿ ಫಲಿತಾಂಶವನ್ನು ಕೆಡಿಸುತ್ತದೆ. ಆದ್ದರಿಂದ ಕಾಗದದ ಅಂಚನ್ನೂ ಬಿಡದೆ, ಭಟ್ಟಿ ಇಳಿಸಿದ ನೀರಿನಿಂದ ಕನಿಷ್ಠ ಮೂರು ಬಾರಿ ತೊಳೆಯಲೇಬೇಕು.

ಮತ್ತೆ ಒಣಗಿಸಿ ತೂಗಿ, ಹೆಚ್ಚಾದ ಮಿಲಿಗ್ರಾಂಗಳನ್ನು ಸೋಸಿದ ಲೀಟರುಗಳಿಂದ ಭಾಗಿಸಿ. ಉಬ್ಬರ ಮತ್ತು ಇಳಿತಗಳಲ್ಲಿ ಹೂಳಿನ ಪ್ರಮಾಣ ಬೇರೆಯಾಗುವುದರಿಂದ ಎರಡೂ ಹೊತ್ತಿನಲ್ಲಿ ಮೂರು ಮೂರು ಮಾದರಿಗಳನ್ನು ತೆಗೆದುಕೊಳ್ಳಿ.