ದಪ್ಪಗಿರುವವರ ಮಂಡಿ ಆಪರೇಷನ್: ನನ್ನ ಅನುಭವ

ನಾನು ಮಂಡಿ ಬದಲಿಸುವ ಆಪರೇಷನ್ ಮಾಡುವ ಡಾಕ್ಟರ್. ಬಿಎಂಐ (ಎತ್ತರಕ್ಕೆ ತಕ್ಕ ತೂಕದ ಲೆಕ್ಕ) 40 ದಾಟಿದವರ, ಅಂದರೆ ತೀರಾ ದಪ್ಪಗಿರುವವರ ಮಂಡಿ ಮುಟ್ಟಬೇಡ, ಕೀವು ಆದರೆ ಹೆಸರು ಕೆಡುತ್ತದೆ ಅಂತ ಸೀನಿಯರ್‌ಗಳು ಹೇಳುತ್ತಲೇ ಇದ್ದರು. ಇನ್‌ಫೆಕ್ಷನ್ ಭಯ ಸುಳ್ಳಲ್ಲ. ಆದರೆ ತೂಕ ಇಳಿಸಿಕೊಂಡು ಬನ್ನಿ ಅಂತ ಕಳಿಸಿದವರಲ್ಲಿ ಇಳಿಸಿಕೊಂಡು ಬಂದವರು ಬೆರಳೆಣಿಕೆ. ಬಚ್ಚಲಿಗೆ ನಡೆಯೋಕೇ ಆಗದವರು ಹೇಗೆ ಇಳಿಸುತ್ತಾರೆ? ಡಯಟಿಷಿಯನ್ ಇಟ್ಟು ನೋಡಿದೆ. ತಿಂಗಳಿಗೆ ಇಪ್ಪತ್ತು ಸಾವಿರದ ಹತ್ತಿರ ಹೋಯಿತು, ಇಳಿದದ್ದು ತಲೆಗೆ ಎರಡು ಮೂರು ಕೆಜಿ.

ಕೊನೆಗೆ ತೂಕ ಇಳಿಯದಿದ್ದರೂ ಆಪರೇಷನ್ ಮಾಡತೊಡಗಿದೆ. ಆದರೆ ಆಪರೇಷನ್ ಆದ ಮೇಲೂ ಪೇಷಂಟ್‌ಗೆ ಸಮಾಧಾನ ಇರುತ್ತಿರಲಿಲ್ಲ. ಹೈ ಫ್ಲೆಕ್ಸ್ ಇಂಪ್ಲಾಂಟ್, ಅಂದರೆ ಹೆಚ್ಚು ಮಡಚಲಿ ಅಂತ ಮಾಡಿದ ಕೃತಕ ಮಂಡಿ, ಅದರಿಂದಲೂ ಏನೂ ಆಗಲಿಲ್ಲ. 2017ರಲ್ಲಿ ಸರ್ಕಾರ ಬೆಲೆ ಕಟ್ಟುವ ಮೊದಲು ಅದಕ್ಕೆ ಒಂದೂವರೆ ಲಕ್ಷದ ಮೇಲಿತ್ತು. ಪೇಷಂಟ್ ಅಷ್ಟು ದುಡ್ಡು ಸುರಿದರು, ಎಕ್ಸ್‌ರೇ ಚೆನ್ನಾಗಿ ಬಂತು, ಮುಖದಲ್ಲಿ ಮಾತ್ರ ಅದೇ ಬೇಸರ. ಬೆಲೆ ಐವತ್ತೈದು ಸಾವಿರದ ಆಸುಪಾಸಿಗೆ ಇಳಿದ ಮೇಲೆ ನಾನು ಮನೆಯವರಿಗೆ ಹೇಳುವುದು ಒಂದೇ: ಮಾಮೂಲಿ ಇಂಪ್ಲಾಂಟ್ ಸಾಕು, ಉಳಿದ ದುಡ್ಡನ್ನು ಮನೆಗೆ ಬರುವ ಫಿಸಿಯೋಗೆ ಇಡಿ. ಆಪರೇಷನ್‌ಗೆ ಮುಂಚೆ ಆರು ವಾರ ತೊಡೆಯ ವ್ಯಾಯಾಮ, ಆಮೇಲೆ ಎರಡು ತಿಂಗಳು.

ನಿಜವಾಗಿ ಕೆಲಸ ಮಾಡಿದ್ದು ಒಂದು ಹಾಳೆ. ಮಗಳನ್ನೋ ಸೊಸೆಯನ್ನೋ ಪಕ್ಕದಲ್ಲಿ ಕೂರಿಸಿಕೊಂಡು, ಅಮ್ಮಾ, ಈ ಮಂಡಿಯಿಂದ ನಿಮಗೆ ಏನೇನು ಆಗಬೇಕು ಅಂತ ಕೇಳಿ ಬರೆಯುತ್ತೇನೆ. ಸಂತೆಗೆ ಹೋಗಿಬರಬೇಕಾ, ಆಗುತ್ತದೆ. ಚಕ್ಕಳಮಕ್ಕಳ ಹಾಕಿ ಪೂಜೆಗೆ ಕೂರಬೇಕಾ, ಆಗಲ್ಲ, ಕುರ್ಚಿ ಹಾಕಿಕೊಳ್ಳಿ. ಕಕ್ಕಸಿಗೆ ಕಮೋಡ್ ಹಾಕಿಸಿಯೇ ಬನ್ನಿ. ಇದನ್ನು ಮೊದಲೇ ಹೇಳದಿದ್ದರೆ, ನೋವು ಪೂರ್ತಿ ಹೋದರೂ ಮೋಸ ಆಯ್ತು ಅನ್ನಿಸುತ್ತದೆ ಅವರಿಗೆ, ಅಲ್ವಾ?

ಹಳೇ ಪೇಷಂಟ್‌ಗಳನ್ನು ವಾಟ್ಸಾಪ್ ಗುಂಪಿಗೆ ಸೇರಿಸಿಯೂ ನೋಡಿದೆ. ಒಬ್ಬರ ಗಾಯದಿಂದ ನೀರು ಸೋರಿದ ಫೋಟೋ ಬಂತು, ಮರುದಿನ ಮೂವರು ಆಪರೇಷನ್ ಬೇಡ ಅಂದರು. ಗುಂಪು ಮುಚ್ಚಿದೆ. ಈಗ ಒಪಿಡಿಯಲ್ಲೇ ಹಳಬರನ್ನು ಹೊಸಬರ ಪಕ್ಕ ಕೂರಿಸುತ್ತೇನೆ.

ಭಾರದವರಿಗೆ ಟಿಬಿಯಾದಲ್ಲಿ (ಮಂಡಿಯ ಕೆಳಗಿನ ಮೂಳೆ) ಉದ್ದ ಸ್ಟೆಮ್, ಅಂದರೆ ಇಂಪ್ಲಾಂಟ್ ಅಲುಗದಂತೆ ಮೂಳೆಯೊಳಗೆ ಇಳಿಯುವ ಕಂಬಿ, ಹಾಕುತ್ತೇನೆ, ಸಕ್ಕರೆ ಹಿಡಿತಕ್ಕೆ ಬರದೆ ಡೇಟ್ ಕೊಡಲ್ಲ. ದಪ್ಪ ತೊಡೆಯಲ್ಲಿ ಟೂರ್ನಿಕೆ (ರಕ್ತ ಹರಿಯದಂತೆ ಬಿಗಿಯುವ ಪಟ್ಟಿ) ಜಾರದಂತೆ ಕಟ್ಟುವ ನನ್ನ ಉಪಾಯವನ್ನು ಇಲ್ಲಿ ಬರೆಯಲ್ಲ, ಥಿಯೇಟರ್‌ಗೆ ಬಂದವರಿಗೆ ತೋರಿಸುತ್ತೇನೆ.

ಮಂಡಿಯ ನೋವು, ಓಡಾಟ ಅಳೆಯುವ ಆಕ್ಸ್‌ಫರ್ಡ್ ಸ್ಕೋರ್ (ಹೆಚ್ಚಿದ್ದಷ್ಟೂ ಒಳ್ಳೆಯದು) 48ಕ್ಕೆ ಹದಿನಾಲ್ಕು ಹದಿನೈದು ಇದ್ದವರು ವರ್ಷದಲ್ಲಿ ಮೂವತ್ತೈದರ ಹತ್ತಿರ ಬರುತ್ತಿದ್ದಾರೆ. ತೆಳ್ಳಗಿನವರು ಇನ್ನೂ ನಾಲ್ಕೈದು ಮೇಲೆ ನಿಲ್ಲುತ್ತಾರೆ, ಆದರೆ ಅವರು ಶುರು ಮಾಡುವುದೂ ಮೇಲಿಂದಲೇ, ಹತ್ತಿದ ಮೆಟ್ಟಿಲು ಇಬ್ಬರದೂ ಹೆಚ್ಚುಕಮ್ಮಿ ಅಷ್ಟೇ. ಹತ್ತರಲ್ಲಿ ಎಂಟೊಂಬತ್ತು ಜನ ಇನ್ನೊಂದು ಮಂಡಿಗೂ ಡೇಟ್ ಕೇಳುತ್ತಾರೆ. ಬೇಡ ಅಂದಿದ್ದ ಸೀನಿಯರ್‌ಗಳಲ್ಲಿ ಇಬ್ಬರು ಈಗ ಅಂಥ ಪೇಷಂಟ್‌ಗಳನ್ನು ನನ್ನ ಹತ್ತಿರವೇ ಕಳಿಸುತ್ತಿದ್ದಾರೆ.